ಮೋಟಾರು ಎಂಜಿನು ಮುಗ್ಗರಿಸುವುದೇಕೆ?

ಸುಸ್ಥಿತಿಯಲ್ಲಿರುವ ಮೋಟಾರು ಎಂಜಿನಿನ ಸದ್ದಿಗೆ ಒಂದು ಲಯವುಂಟು. ಆ ಲಯ ಕೆಡುವವರೆಗೂ ನಾವು ಅದನ್ನು ಗಮನಿಸುವುದೇ ಇಲ್ಲ. ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೊರಟ ಬಾಡಿಗೆಯ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಾಲುವೆ ನೀರಿನ ನೆಲ್ಲಿನ ಬಯಲನ್ನು ಅದು ಸಲೀಸಾಗಿ ದಾಟುತ್ತದೆ. ಮಸ್ಕಿಯ ಕಲ್ಲುಗುಡ್ಡಗಳು ಹಿಂದಾಗಿ, ಮಧ್ಯಾಹ್ನದ ಬಿಸಿಲು ಏರಿ, ತುಂಬಿದ ಗಾಡಿ ಸಣ್ಣದೊಂದು ಏರನ್ನು ಹತ್ತತೊಡಗಿದಾಗ ಎಂಜಿನು ಇದ್ದಕ್ಕಿದ್ದಂತೆ ತಡವರಿಸುತ್ತದೆ. ಗಾಡಿ ಜಗ್ಗಿ ಜಗ್ಗಿ ಮುಂದೆ ಸಾಗುತ್ತದೆ, ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಮಿನುಗುತ್ತದೆ. ಮರುದಿನ ಮುಂಜಾನೆ ತಂಪು ಹೊತ್ತಿನಲ್ಲಿ ಅದೇ ಗಾಡಿ ಏನೂ ಆಗದಂತೆ ಓಡುತ್ತದೆ. ನಮ್ಮ ಕಡೆಯ ಚಾಲಕರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ನಾಲ್ಕು ತಿಂಗಳ ಹಿಂದೆ ಇದೇ ತೊಂದರೆಗೆ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದ್ದಾಗ ಅದು ವಾಸಿಯಾಗಿತ್ತು, ಈಗ ಮತ್ತೆ ಮರುಕಳಿಸಿದೆ ಎಂದೂ ಭಾವಿಸೋಣ.

ಇಂಥ ಗಾಡಿಯ ಒಡೆಯನಿಗೆ ದೊರೆಯುವ ಸಲಹೆಗಳು ಹತ್ತಾರು. ಪೆಟ್ರೋಲು ಕೆಟ್ಟಿದೆ ಎನ್ನುವವನೊಬ್ಬ, ಪಂಪು ಹೋಗಿದೆ ಎನ್ನುವವನು ಮತ್ತೊಬ್ಬ. ಒಂದೊಂದು ಊಹೆಗೂ ಒಂದೊಂದು ಬಿಡಿಭಾಗ, ಒಂದೊಂದು ದಿನದ ದುಡಿಮೆಯ ನಷ್ಟ. ಆದರೆ ಎಂಜಿನಿನೊಳಗೆ ನಡೆಯುವುದು ಭೌತವಿಜ್ಞಾನದ ನಿಯಮಗಳಿಗೆ ಒಳಪಟ್ಟ ಕ್ರಿಯೆ. ಅದು ತಪ್ಪಿದರೂ ನಿಯಮಕ್ಕೆ ಅನುಸಾರವಾಗಿಯೇ ತಪ್ಪುತ್ತದೆ. ಆದುದರಿಂದ ದೋಷವನ್ನು ಊಹಿಸುವುದಕ್ಕಿಂತ ಹುಡುಕುವುದೇ ಮೇಲು.

ಸೆಕೆಂಡಿಗೆ ನೂರು ದಹನ

ಜರ್ಮನಿಯ ನಿಕೊಲಾಸ್ ಓಟೊ ೧೮೭೬ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನೇ ಇಂದಿನ ಪೆಟ್ರೋಲು ಕಾರಿನ ಮೂಲ. ಮೊದಲ ಹೊಡೆತದಲ್ಲಿ ಪಿಸ್ಟನ್ನು ಕೆಳಗಿಳಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ಸೆಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಮೇಲೇರಿ ಅದನ್ನು ಒತ್ತುತ್ತದೆ. ಆ ಒತ್ತಿನ ತುದಿಯಲ್ಲಿ ಕಿಡಿ ಹಾರಿ ಮಿಶ್ರಣ ಹೊತ್ತಿಕೊಳ್ಳುತ್ತದೆ. ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ನೂಕುವುದು ಮೂರನೆಯ ಹೊಡೆತ. ನಮಗೆ ಕೆಲಸ ದೊರೆಯುವುದು ಇದೊಂದರಲ್ಲಿಯೇ. ನಾಲ್ಕನೆಯದರಲ್ಲಿ ಹೊಗೆ ಹೊರಬೀಳುತ್ತದೆ.

ಒಂದು ಆವರ್ತ ಪೂರ್ಣವಾಗಲು ಎಂಜಿನಿನ ಕ್ರ್ಯಾಂಕ್ ದಂಡ ಎರಡು ಸುತ್ತು ಸುತ್ತಬೇಕು. ನಿಮಿಷಕ್ಕೆ ೩೦೦೦ ಸುತ್ತಿನ ವೇಗದಲ್ಲಿ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಿಮಿಷಕ್ಕೆ ೧೫೦೦ ಸಲ, ಅಂದರೆ ಸೆಕೆಂಡಿಗೆ ೨೫ ಸಲ ದಹನವಾಗುತ್ತದೆ. ನಾಲ್ಕು ಸಿಲಿಂಡರುಗಳೂ ಸೇರಿ ಸೆಕೆಂಡಿಗೆ ನೂರು. ಈ ನೂರರಲ್ಲಿ ಐದಾರು ತಪ್ಪಿದರೂ ಕುಳಿತವರಿಗೆ ಗಾಡಿ ಕುಲುಕಿದ ಅನುಭವವಾಗುತ್ತದೆ.

ದಹನ ನಡೆಯಬೇಕಾದರೆ ಮೂರು ಸಂಗತಿಗಳು ಒಂದೇ ಕ್ಷಣದಲ್ಲಿ ಕೂಡಿಬರಬೇಕು: ಬಲವಾದ ಕಿಡಿ, ಸರಿಯಾದ ಮಿಶ್ರಣ, ಸಾಕಷ್ಟು ಒತ್ತಡ. ದೋಷ ಎಷ್ಟೇ ವಿಚಿತ್ರವಾಗಿ ಕಂಡರೂ ಅದು ಈ ಮೂರರಲ್ಲಿ ಒಂದರೊಳಗೆ ಅಡಗಿರಲೇಬೇಕು. ಹುಡುಕುವವನಿಗೆ ಇದೇ ಮೊದಲ ಧೈರ್ಯ.

ಕಿಡಿಯ ಹುಟ್ಟು

ಕಾರಿನ ಬ್ಯಾಟರಿಯಲ್ಲಿರುವುದು ೧೨ ವೋಲ್ಟು ಮಾತ್ರ. ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವಣ ಅಂತರ ಸುಮಾರು ಒಂದು ಮಿಲಿಮೀಟರು. ಸಾಮಾನ್ಯ ಗಾಳಿಯಲ್ಲಿ ಇಷ್ಟು ಅಂತರವನ್ನು ಹಾರಲು ಮೂರು ನಾಲ್ಕು ಸಾವಿರ ವೋಲ್ಟು ಬೇಕು. ಎಂಜಿನಿನೊಳಗಿನ ಒತ್ತಿದ ಅನಿಲದಲ್ಲಿ ಹತ್ತರಿಂದ ಇಪ್ಪತ್ತು ಸಾವಿರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಹನ್ನೆರಡು ವೋಲ್ಟು ಇಪ್ಪತ್ತು ಸಾವಿರವಾಗುವುದು ಹೇಗೆ?

ಇದಕ್ಕೆ ಉತ್ತರ ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ಕಂಡ ವಿದ್ಯುತ್ಕಾಂತ ಪ್ರೇರಣೆ. ಇಗ್ನಿಷನ್ ಕಾಯಿಲಿನಲ್ಲಿ ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ತಂತಿ ಸುರುಳಿಗಳನ್ನು ಸುತ್ತಿರುತ್ತಾರೆ. ಮೊದಲನೆಯದರಲ್ಲಿ ಸುತ್ತುಗಳು ಕಡಮೆ, ಎರಡನೆಯದರಲ್ಲಿ ಅದರ ನೂರರಷ್ಟು. ಮೊದಲ ಸುರುಳಿಯಲ್ಲಿ ಕೆಲವು ಆಂಪಿಯರಿನ ಪ್ರವಾಹವನ್ನು ಹರಿಸಿ ಅದನ್ನು ಥಟ್ಟನೆ ಕಡಿದರೆ, ಅಲ್ಲಿ ನೆಲೆಸಿದ್ದ ಕಾಂತಕ್ಷೇತ್ರ ಒಮ್ಮೆಗೇ ಕುಸಿಯುತ್ತದೆ. ಕ್ಷೇತ್ರ ಎಷ್ಟು ಬೇಗ ಬದಲಾಗುವುದೋ ಪ್ರೇರಿತ ವೋಲ್ಟೇಜು ಅಷ್ಟು ಹೆಚ್ಚು. ಮೊದಲ ಸುರುಳಿಯಲ್ಲಿಯೇ ಮುನ್ನೂರು ನಾನೂರು ವೋಲ್ಟು ಹುಟ್ಟುತ್ತದೆ. ಎರಡನೆಯದರಲ್ಲಿ ಅದು ನೂರು ಮಡಿಯಾಗಿ ಮೂವತ್ತು ನಲವತ್ತು ಸಾವಿರಕ್ಕೆ ಏರಬಲ್ಲುದು. ಶಕ್ತಿಯ ಲೆಕ್ಕವನ್ನೂ ನೋಡಬಹುದು. ಮೊದಲ ಸುರುಳಿಯ ಪ್ರೇರಕತ್ವ ೩ ಮಿಲಿಹೆನ್ರಿ, ಪ್ರವಾಹ ೬ ಆಂಪಿಯರು ಎಂದಿಟ್ಟುಕೊಂಡರೆ, ಪ್ರವಾಹದ ವರ್ಗವನ್ನು ಪ್ರೇರಕತ್ವದಿಂದ ಗುಣಿಸಿ ಅರ್ಧ ಮಾಡಿದಾಗ ೦.೦೫೪ ಜೂಲು ಬರುತ್ತದೆ. ಇಷ್ಟು ಅಲ್ಪ ಶಕ್ತಿ ಇಡೀ ಗಾಡಿಯನ್ನು ನಡೆಸುವ ಉರಿಯನ್ನು ಹೊತ್ತಿಸುತ್ತದೆ. ಅದರಲ್ಲಿ ಸ್ವಲ್ಪ ಸೋರಿಹೋದರೂ ಉರಿ ಹೊತ್ತುವುದಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿದೆ?

ನಮ್ಮ ಕಾರು ಏರಿನಲ್ಲಿಯೇ ಮುಗ್ಗರಿಸುವುದೇಕೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಅನಿಲವೊಂದರಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು, ತುದಿಗಳ ಅಂತರ ಮತ್ತು ಅನಿಲದ ಸಾಂದ್ರತೆ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ ಎಂದು ಫ್ರೀಡ್ರಿಖ್ ಪಾಶೆನ್ ೧೮೮೯ರಲ್ಲಿ ತೋರಿಸಿದನು. ಕಾರಣ ಸರಳವಾದುದು. ಕಿಡಿ ಹುಟ್ಟಬೇಕಾದರೆ ಎಲೆಕ್ಟ್ರಾನೊಂದು ಓಡುತ್ತ ವೇಗ ಗಳಿಸಿ ಅಣುವಿಗೆ ಡಿಕ್ಕಿ ಹೊಡೆದು ಇನ್ನೊಂದು ಎಲೆಕ್ಟ್ರಾನನ್ನು ಬಿಡಿಸಬೇಕು. ಅಣುಗಳು ಒತ್ತಾಗಿದ್ದರೆ ಎರಡು ಡಿಕ್ಕಿಗಳ ನಡುವೆ ವೇಗ ಗಳಿಸಲು ಅದಕ್ಕೆ ಎಡೆಯೇ ಸಿಗದು. ಆಗ ಹೆಚ್ಚು ಬಲವಾದ ವಿದ್ಯುತ್ ಕ್ಷೇತ್ರ ಬೇಕಾಗುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಓಡಲಾರದವನ ಪಾಡು ಅದರದು. ನಿಂತ ಗಾಡಿಯ ಎಂಜಿನು ಸುಮ್ಮನೆ ತಿರುಗುವಾಗ ಒಳಬರುವ ಗಾಳಿ ಕಡಮೆ, ಸಾಂದ್ರತೆಯೂ ಕಡಮೆ. ಏರಿನಲ್ಲಿ ಆಕ್ಸಿಲರೇಟರನ್ನು ಒತ್ತಿದಾಗ ಸಿಲಿಂಡರು ತುಂಬ ಗಾಳಿ ನುಗ್ಗುತ್ತದೆ, ಕಿಡಿಗೆ ಬೇಕಾದ ವೋಲ್ಟೇಜು ಎರಡು ಮೂರು ಮಡಿಯಾಗುತ್ತದೆ. ಗ್ಯಾರೇಜಿನಲ್ಲಿ ನಿಂತಾಗ ಸರಿಯಾಗಿರುವ ಗಾಡಿ ರಸ್ತೆಯ ಏರಿನಲ್ಲಿ ಕೈಕೊಡುವ ಮರ್ಮ ಇದು.

ಎಂಜಿನಿನ ಸ್ವಯಂಪರೀಕ್ಷೆ

೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಕಾಲದಲ್ಲಿ ಮಿಸ್ತ್ರಿಯು ಓಡುತ್ತಿರುವ ಎಂಜಿನಿನ ಪ್ಲಗ್ಗುಗಳ ತಂತಿಯನ್ನು ಒಂದೊಂದಾಗಿ ಬಿಡಿಸಿ ಸದ್ದಿಗೆ ಕಿವಿಗೊಡುತ್ತಿದ್ದನು. ಯಾವ ತಂತಿಯನ್ನು ಬಿಡಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಮೊದಲೇ ಸುಮ್ಮನಿತ್ತೆಂದು ಅರ್ಥ. ತರ್ಕ ಸರಿಯಾದುದೇ, ಆದರೆ ಇಂದಿನ ಕಾರುಗಳಲ್ಲಿ ಹೀಗೆ ಮಾಡಬಾರದು. ವೋಲ್ಟೇಜು ಹೆಚ್ಚಾದುದರಿಂದ ಮನುಷ್ಯನಿಗೂ ಅಪಾಯ, ಕಾಯಿಲಿಗೂ ಅಪಾಯ.

ಈಗ ಆ ಕಿವಿಯ ಕೆಲಸವನ್ನು ಎಂಜಿನಿನ ಗಣಕವೇ ಮಾಡುತ್ತದೆ. ಕ್ರ್ಯಾಂಕ್ ದಂಡಕ್ಕೆ ಹಲ್ಲಿನ ಗಾಲಿಯೊಂದನ್ನು ಕೂಡಿಸಿರುತ್ತಾರೆ. ಆರಾರು ಡಿಗ್ರಿಗೊಂದು ಹಲ್ಲಿದ್ದರೆ, ೩೦೦೦ ಸುತ್ತಿನ ವೇಗದಲ್ಲಿ ಒಂದು ಹಲ್ಲು ದಾಟಲು ಸೆಕೆಂಡಿನ ಮೂರು ಸಾವಿರದಲ್ಲೊಂದು ಪಾಲು ಸಾಕು. ಪಕ್ಕದಲ್ಲಿರುವ ಸಂವೇದಕ ಈ ಕಾಲವನ್ನು ಅಳೆಯುತ್ತಲೇ ಇರುತ್ತದೆ. ಪ್ರತಿ ದಹನಕ್ಕೂ ದಂಡದ ವೇಗ ತುಸು ಏರುತ್ತದೆ. ಒಂದು ದಹನ ತಪ್ಪಿದರೆ ಆ ಏರಿಕೆ ಕಾಣದೆ ಹಲ್ಲುಗಳು ತಡವಾಗಿ ದಾಟುತ್ತವೆ. ಯಾವ ಸಿಲಿಂಡರಿನ ಸರದಿಯಲ್ಲಿ ತಡವಾಯಿತೆಂಬುದನ್ನು ಗಣಕ ಬರೆದಿಟ್ಟುಕೊಳ್ಳುತ್ತದೆ. ಪಿ ೦೩೦೧ ಎಂದರೆ ಮೊದಲನೆಯ ಸಿಲಿಂಡರು, ಪಿ ೦೩೦೩ ಎಂದರೆ ಮೂರನೆಯದು. ಪಿ ೦೩೦೦ ಎಂದರೆ ತಪ್ಪು ಒಂದೇ ಕಡೆ ನಿಲ್ಲದೆ ಅಲ್ಲಲ್ಲಿ ಆಗುತ್ತಿದೆ ಎಂದರ್ಥ. ನಮ್ಮ ದೇಶದಲ್ಲಿ ೨೦೨೦ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ ೬ ನಿಯಮಗಳು ಹೊಸ ಕಾರುಗಳಲ್ಲಿ ಇಂಥ ಸ್ವಯಂಪರೀಕ್ಷೆಯನ್ನು ಕಡ್ಡಾಯಗೊಳಿಸಿವೆ.

ಆದರೆ ಗಣಕದ ಮಾತನ್ನು ಅಕ್ಷರಶಃ ನಂಬಲಾಗದು. ಕೆಟ್ಟ ರಸ್ತೆಯ ಗುಂಡಿಗಳಲ್ಲಿ ಗಾಲಿಗಳು ಎಗರಿ ಬಿದ್ದಾಗಲೂ ಕ್ರ್ಯಾಂಕ್ ದಂಡದ ವೇಗ ಏರುಪೇರಾಗುತ್ತದೆ. ಆದುದರಿಂದಲೇ ಹಲವು ಕಾರುಗಳಲ್ಲಿ ರಸ್ತೆ ಒರಟಾಗಿದೆಯೆಂದು ತಿಳಿದಾಗ ಗಣಕ ಈ ಎಣಿಕೆಯನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಅಲ್ಲದೆ, ಸಂಕೇತವು ಯಾವ ಸಿಲಿಂಡರಿನಲ್ಲಿ ತಪ್ಪಾಯಿತೆಂದು ಹೇಳುತ್ತದೆಯೇ ಹೊರತು ಏಕೆ ಆಯಿತೆಂದು ಹೇಳುವುದಿಲ್ಲ. ಜ್ವರಮಾಪಕ ಜ್ವರವನ್ನು ತೋರಿಸಬಲ್ಲುದು, ರೋಗದ ಹೆಸರನ್ನು ಹೇಳಲಾರದು.

ಕಾರಣದ ವೇಷ ತೊಟ್ಟ ಪರಿಣಾಮ

ಇಲ್ಲಿ ಅನುಭವಿಗಳನ್ನೂ ದಾರಿತಪ್ಪಿಸುವ ಒಂದು ಸಂಗತಿಯುಂಟು. ಹೊಗೆ ಕೊಳವೆಯಲ್ಲಿ ಆಮ್ಲಜನಕದ ಸಂವೇದಕವೊಂದಿದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಗಿ ಉಳಿದಿದ್ದರೆ ಪೆಟ್ರೋಲು ಸಾಲದೆಂದು ತಿಳಿದು ಗಣಕ ಇನ್ನಷ್ಟು ಪೆಟ್ರೋಲನ್ನು ಸಿಂಪಡಿಸುತ್ತದೆ. ಈಗ ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿತೆನ್ನೋಣ. ಅದರೊಳಗಿನ ಗಾಳಿ ಉರಿಯದೆ ಇದ್ದ ಆಮ್ಲಜನಕವನ್ನೆಲ್ಲ ಹೊತ್ತು ಹೊರಬರುತ್ತದೆ. ಅದರ ಜೊತೆಗೆ ಉರಿಯದ ಪೆಟ್ರೋಲೂ ಹೊರಬಂದಿರುತ್ತದೆ. ಆದರೆ ಸಂವೇದಕಕ್ಕೆ ತಿಳಿಯುವುದು ಆಮ್ಲಜನಕದ ಭಾಷೆಯೊಂದೇ. ಪೆಟ್ರೋಲು ಕಡಮೆಯಾಗಿದೆ ಎಂದು ಅದು ವರದಿ ಮಾಡುತ್ತದೆ. ಗಣಕ ಪೆಟ್ರೋಲನ್ನು ಹೆಚ್ಚಿಸುತ್ತದೆ. ಸರಿಯಾಗಿದ್ದ ಮಿಕ್ಕ ಸಿಲಿಂಡರುಗಳಿಗೂ ಪೆಟ್ರೋಲು ಅತಿಯಾಗಿ ಅವುಗಳ ಪ್ಲಗ್ಗುಗಳಿಗೂ ಮಸಿ ಹಿಡಿಯುತ್ತದೆ.

ಹೊಗೆಯ ವರದಿಯೊಂದನ್ನೇ ನೋಡಿದವನು ಪೆಟ್ರೋಲು ಪಂಪನ್ನು ಬದಲಾಯಿಸುತ್ತಾನೆ. ಮಸಿ ಹಿಡಿದ ಪ್ಲಗ್ಗನ್ನು ನೋಡಿದವನು ಇಂಜೆಕ್ಟರಿನಲ್ಲಿ ಸೋರಿಕೆ ಎನ್ನುತ್ತಾನೆ. ಇಬ್ಬರೂ ಪರಿಣಾಮವನ್ನು ಕಾರಣವೆಂದು ಬಗೆದವರು. ಹಲವು ವರದಿಗಳು ಪರಸ್ಪರ ವಿರುದ್ಧವಾಗಿ ಕಂಡಾಗ, ಮೊದಲು ಯಾವುದು ತಪ್ಪಿದರೆ ಮಿಕ್ಕವೆಲ್ಲ ತಾವಾಗಿಯೇ ಹಿಂಬಾಲಿಸುತ್ತವೆ ಎಂದು ಕೇಳಿಕೊಳ್ಳಬೇಕು.

ಒಂದನ್ನು ಮಾತ್ರ ಬದಲಿಸುವ ವಿಧಾನ

ನಮ್ಮ ಕಾರಿನ ಗಣಕ ಪಿ ೦೩೦೩ ಎಂಬ ಸಂಕೇತವನ್ನು ತೋರಿಸಿತೆಂದು ಭಾವಿಸೋಣ. ಇಂದಿನ ಅನೇಕ ಕಾರುಗಳಲ್ಲಿ ಸಿಲಿಂಡರಿಗೊಂದು ಕಾಯಿಲು ಇರುತ್ತದೆ. ಎಂಜಿನನ್ನು ನಿಲ್ಲಿಸಿ, ಆರಲು ಬಿಟ್ಟು, ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದರದನ್ನು ಮೂರನೆಯದಕ್ಕೂ ಅದಲುಬದಲು ಮಾಡಬೇಕು. ಬೇರೆ ಯಾವುದನ್ನೂ ಮುಟ್ಟಬಾರದು. ಅನಂತರ ಸಂಕೇತವನ್ನು ಅಳಿಸಿ, ದೋಷ ಕಾಣಿಸಿಕೊಂಡ ಸ್ಥಿತಿಯಲ್ಲಿಯೇ, ಅಂದರೆ ಅದೇ ಬಿಸಿಲು, ಅದೇ ಭಾರ, ಅದೇ ಏರಿನಲ್ಲಿ ಓಡಿಸಿ ನೋಡಬೇಕು. ತಂಪು ಹೊತ್ತಿನಲ್ಲಿ ಮಾಡಿದ ಪರೀಕ್ಷೆಯಿಂದ ಬಿಸಿಲಿನ ದೋಷ ಬಯಲಾಗದು.

ಈಗ ಸಂಕೇತ ಪಿ ೦೩೦೧ ಎಂದು ಬದಲಾದರೆ ದೋಷ ಕಾಯಿಲಿನ ಜೊತೆಯಲ್ಲಿಯೇ ನಡೆದುಬಂದಿದೆ, ಅಪರಾಧಿ ಅದೇ. ಪಿ ೦೩೦೩ ಹಾಗೆಯೇ ಉಳಿದರೆ ಕಾಯಿಲು ನಿರ್ದೋಷಿ. ಆಗ ಪ್ಲಗ್ಗನ್ನು, ಅನಂತರ ಇಂಜೆಕ್ಟರನ್ನು ಇದೇ ರೀತಿ ಅದಲುಬದಲು ಮಾಡಬೇಕು. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತೆಂಬುದು ತಿಳಿಯದು. ಈ ವಿಧಾನಕ್ಕೆ ಒಂದು ಕಾಸೂ ಖರ್ಚಿಲ್ಲ. ಹೊಸ ಭಾಗವನ್ನು ಕೊಳ್ಳುವುದು ಸಾಕ್ಷ್ಯ ದೊರೆತ ಮೇಲೆ.

ಸಾಕ್ಷ್ಯದ ಬೆಲೆಯನ್ನು ಹೇಳಲು ಮಸ್ಕಿಗಿಂತ ಉತ್ತಮ ಸ್ಥಳವಿಲ್ಲ. ‘ದೇವಾನಾಂಪ್ರಿಯ’ ಎಂಬ ಅರಸನ ಬ್ರಾಹ್ಮೀ ಶಾಸನಗಳನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿಯೇ ಓದಿದ್ದನು. ಆ ಅರಸ ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ನೆರವಿನಿಂದ ಮಾಡಿದ ಬಲವಾದ ಅನುಮಾನವಾಗಿತ್ತು. ಚಿನ್ನದ ಅದಿರನ್ನು ಅರಸುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡನು. ಅದರಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೇ ಇತ್ತು. ಅನುಮಾನ ಅಂದು ನಿಶ್ಚಯವಾಯಿತು. ಕಾಯಿಲನ್ನು ಅದಲುಬದಲು ಮಾಡುವುದೂ ಇಂಥದೇ ಕೆಲಸ. ಬಲವಾದ ಅನುಮಾನದ ಪಕ್ಕದಲ್ಲಿ ಹೆಸರನ್ನು ಬರೆಸಿಕೊಳ್ಳುವುದು.

ಕಾಯಿಲೇ ಕಾರಣವಾದರೆ, ನಾಲ್ಕು ತಿಂಗಳ ಹಿಂದೆ ಹೊಸ ಪ್ಲಗ್ಗಿನಿಂದ ತೊಂದರೆ ವಾಸಿಯಾದುದು ಹೇಗೆ? ಕಾಯಿಲಿನ ಅವಾಹಕ ಕವಚದಲ್ಲಿ ಕೂದಲೆಳೆಯಂಥ ಬಿರುಕಿದೆಯೆನ್ನೋಣ. ತಣ್ಣಗಿರುವಾಗ ಅದು ಮುಚ್ಚಿಕೊಂಡಿರುತ್ತದೆ. ಕಾದು ಹಿಗ್ಗಿದಾಗ ಬಿರುಕು ತೆರೆದು ವಿದ್ಯುತ್ತು ಅಲ್ಲಿಂದಲೇ ಎಂಜಿನಿನ ಲೋಹಕ್ಕೆ ಜಿಗಿಯುತ್ತದೆ. ಅಂದರೆ ಬಿಸಿಯಲ್ಲಿ ಕಾಯಿಲು ಉದಾಹರಣೆಗೆ ಹದಿನೆಂಟು ಸಾವಿರ ವೋಲ್ಟಿಗಿಂತ ಮೇಲೇರದು. ಹೊಸ ಪ್ಲಗ್ಗಿನ ಅಂತರ ೦.೮ ಮಿಲಿಮೀಟರು. ಏರಿನಲ್ಲಿ ಅದಕ್ಕೆ ಹದಿನಾಲ್ಕು ಸಾವಿರ ಬೇಕಾದರೆ ದುರ್ಬಲ ಕಾಯಿಲೂ ಹೇಗೋ ನಿಭಾಯಿಸುತ್ತದೆ. ಪ್ರತಿಯೊಂದು ಕಿಡಿಯೂ ಪ್ಲಗ್ಗಿನ ಲೋಹವನ್ನು ಅಣುವಣುವಾಗಿ ಸವೆಸುತ್ತದೆ. ದಿನವಿಡೀ ಓಡುವ ಬಾಡಿಗೆಯ ಗಾಡಿಯಲ್ಲಿ ಕೆಲವು ತಿಂಗಳಲ್ಲಿ ಅಂತರ ೧.೧ ಮಿಲಿಮೀಟರಾದರೆ, ಬೇಕಾಗುವ ವೋಲ್ಟೇಜು ಸುಮಾರು ಹತ್ತೊಂಬತ್ತು ಸಾವಿರ. ಕಾಯಿಲು ಸೋಲುತ್ತದೆ. ಪ್ಲಗ್ಗು ಸವೆದುದೂ ನಿಜ, ಕಾಯಿಲು ಕುಗ್ಗಿದುದೂ ನಿಜ. ಎರಡೂ ಸೇರಿದಾಗ ದೋಷ ಹೊರಬೀಳುತ್ತದೆ. ಇನ್ನೊಂದು ಮಾತು: ಸವೆದ ಪ್ಲಗ್ಗನ್ನು ಹಾಗೆಯೇ ಬಿಟ್ಟರೆ ಕಾಯಿಲು ಸದಾ ಹೆಚ್ಚಿನ ವೋಲ್ಟೇಜಿಗೆ ಏರಬೇಕಾಗಿ ಅದರ ಕವಚ ಬೇಗ ಬಿರಿಯುತ್ತದೆ. ಹೊಸ ಕಾಯಿಲಿಗೆ ಹಳೆಯ ಪ್ಲಗ್ಗನ್ನು ಜೋಡಿಸುವುದು ತಪ್ಪು.

ಕಿಡಿ ಸರಿಯಿದ್ದರೆ

ಕಿಡಿ ನಿರ್ದೋಷಿಯೆಂದು ಗೊತ್ತಾದ ಮೇಲೆ ಮಿಶ್ರಣದ ಕಡೆ ತಿರುಗಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ಎಥನಾಲಿಗಾದರೆ ೯ ಕಿಲೋಗ್ರಾಂ ಸಾಕು, ಏಕೆಂದರೆ ಅದರ ಅಣುವಿನಲ್ಲಿಯೇ ಆಮ್ಲಜನಕವಿದೆ. ಶೇಕಡ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ನಮ್ಮ ದೇಶದಲ್ಲಿ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಈ ಬೆರಕೆಗೆ ಬೇಕಾದ ಗಾಳಿ ಸುಮಾರು ೧೩.೫ ಪಾಲು. ಹೊಸ ಕಾರಿನ ಗಣಕ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಬರಿಯ ಪೆಟ್ರೋಲಿಗೆಂದು ಹೊಂದಿಸಿದ ಹಳೆಯ ಕಾರ್ಬುರೇಟರಿಗೆ ಆ ಶಕ್ತಿಯಿಲ್ಲದೆ ಮಿಶ್ರಣ ತೆಳುವಾಗುತ್ತದೆ. ಅಲ್ಲದೆ ಎಥನಾಲು ನೀರನ್ನು ಹೀರುವ ದ್ರವ. ನೀರು ಮಿತಿಮೀರಿ ಸೇರಿದರೆ ನೀರೂ ಎಥನಾಲೂ ಕೂಡಿಕೊಂಡು ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತವೆ. ಪಂಪು ಮೊದಲು ಹೀರುವುದು ಆ ತಳದ ದ್ರವವನ್ನೇ.

ಗಾಳಿ ಎಲ್ಲಿಯೋ ಕಳ್ಳದಾರಿಯಲ್ಲಿ ನುಸುಳುತ್ತಿದೆಯೋ ಪೆಟ್ರೋಲೇ ಸಾಲದೆ ಬರುತ್ತಿದೆಯೋ ಎಂಬುದನ್ನು ತಿಳಿಯಲು ಸುಲಭವಾದ ಲಕ್ಷಣವಿದೆ. ರಬ್ಬರು ಕೊಳವೆ ಬಿರಿದು ಗಾಳಿ ನುಸುಳುತ್ತಿದ್ದರೆ ತೊಂದರೆ ನಿಂತಾಗ ಹೆಚ್ಚು, ಓಡುವಾಗ ಕಡಮೆ. ಏಕೆಂದರೆ ಓಡುವಾಗ ಒಳಬರುವ ಒಟ್ಟು ಗಾಳಿಯಲ್ಲಿ ಅದರ ಪಾಲು ಅಲ್ಪ. ಪೆಟ್ರೋಲಿನ ಸೋಸುಕ ಕಟ್ಟಿದ್ದರೆ ಇದಕ್ಕೆ ತಿರುಗುಮುರುಗು: ನಿಂತಾಗ ನೆಮ್ಮದಿ, ವೇಗದಲ್ಲಿ ಸಂಕಟ. ನಮ್ಮ ಎರೆನೆಲದ ಬೇಸಗೆಯ ಧೂಳಿನಲ್ಲಿ ಗಾಳಿಯ ಸೋಸುಕವನ್ನು ಮೇಲಿಂದ ಮೇಲೆ ನೋಡಿಕೊಳ್ಳಬೇಕು. ನೆಲ್ಲಿನ ಕೊಯಿಲಿನ ಅನಂತರ ಇಲಿಗಳು ಬೆಚ್ಚನೆಯ ಎಂಜಿನಿನ ಗೂಡನ್ನು ಹೊಕ್ಕು ತಂತಿಗಳನ್ನು ಕಡಿಯುವುದೂ ಉಂಟು. ಯಂತ್ರ ಹಿಡಿದು ಹುಡುಕುವ ಮುನ್ನ ಬ್ಯಾಟರಿ ದೀಪ ಹಿಡಿದು ಕಣ್ಣಿನಿಂದ ಹುಡುಕುವುದು ಒಳ್ಳೆಯದು.

ಮಿಶ್ರಣವೂ ಸರಿಯಿದ್ದರೆ ಉಳಿದದ್ದು ಒತ್ತಡ. ಪ್ಲಗ್ಗಿನ ತೂತಿಗೆ ಒತ್ತಡಮಾಪಕವನ್ನು ಕೂಡಿಸಿ ಎಂಜಿನನ್ನು ಸ್ಟಾರ್ಟರಿನಿಂದ ತಿರುಗಿಸಿ ನಾಲ್ಕೂ ಸಿಲಿಂಡರುಗಳನ್ನು ಹೋಲಿಸಬೇಕು. ಒಂದರಲ್ಲಿ ಒತ್ತಡ ಬಹಳ ಕಡಮೆಯಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಎಣ್ಣೆ ಪಿಸ್ಟನ್ನಿನ ಬಳೆಗಳ ಸಂದನ್ನು ಮುಚ್ಚಿತು, ಸವೆದವು ಬಳೆಗಳೇ ಎಂದು ತಿಳಿಯಬೇಕು. ಏರದಿದ್ದರೆ ಸೋರಿಕೆ ಎಣ್ಣೆ ತಲಪದ ಕಡೆ, ಬಹುಮಟ್ಟಿಗೆ ಕವಾಟದಲ್ಲಿದೆ. ಇಂಥ ದೋಷಕ್ಕೆ ಎಷ್ಟು ಪ್ಲಗ್ಗು, ಎಷ್ಟು ಕಾಯಿಲು ಬದಲಾಯಿಸಿದರೂ ಪ್ರಯೋಜನವಿಲ್ಲ.

ಅಲಕ್ಷಿಸಿದರೆ ಆಗುವುದೇನು?

ಜಗ್ಗುತ್ತಲೇ ಇದ್ದರೂ ಊರು ಸೇರಿದರೆ ಸಾಕೆಂದು ಓಡಿಸುವವರುಂಟು. ಆದರೆ ಉರಿಯದೆ ಹೊರಬಂದ ಪೆಟ್ರೋಲೂ ಆಮ್ಲಜನಕವೂ ಹೊಗೆ ಕೊಳವೆಯಲ್ಲಿರುವ ವೇಗವರ್ಧಕದ ಗೂಡನ್ನು ಸೇರಿ ಅಲ್ಲಿ ಉರಿಯುತ್ತವೆ. ವಿಷಾನಿಲಗಳನ್ನು ಶುದ್ಧಿಗೊಳಿಸಲೆಂದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳನ್ನು ಲೇಪಿಸಿದ ಪಿಂಗಾಣಿಯ ಜೇನುಹುಟ್ಟು ಅದು. ಅಲ್ಲಿಯ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸನ್ನು ಮೀರಿದರೆ ಲೇಪ ಹಾಳಾಗುತ್ತದೆ, ಇನ್ನೂ ಏರಿದರೆ ಪಿಂಗಾಣಿಯೇ ಕರಗುತ್ತದೆ. ಹಳದಿ ದೀಪ ಸುಮ್ಮನೆ ಉರಿಯದೆ ಮಿನುಗುವುದು ಈ ಅಪಾಯದ ಎಚ್ಚರಿಕೆ. ಆಗ ಆಕ್ಸಿಲರೇಟರನ್ನು ಸಡಿಲಿಸಿ, ಆದಷ್ಟು ಬೇಗ ಗಾಡಿಯನ್ನು ನಿಲ್ಲಿಸಬೇಕು. ನಿಲ್ಲಿಸುವ ಜಾಗವನ್ನೂ ನೋಡಬೇಕು. ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಮೇಲೆ ಒಕ್ಕಣೆಗೆ ಹರಡಿದ ಬೆಳೆ, ಅಂಚಿನಲ್ಲಿ ಒಣಹುಲ್ಲು ಇರುವುದು ಸಾಮಾನ್ಯ. ಕಾದ ಕೊಳವೆಗೆ ಒಣಹುಲ್ಲು ತಗಲಿದರೆ ಗಾಡಿಯೂ ಬೆಳೆಯೂ ಒಟ್ಟಿಗೆ ಉರಿದುಹೋಗಬಹುದು.

ಕಾಯಿಲೊಂದನ್ನು ಕಾಲದಲ್ಲಿ ಬದಲಾಯಿಸಿದರೆ ಮುಗಿಯುವ ಖರ್ಚು, ವೇಗವರ್ಧಕ ಕರಗಿದ ಮೇಲೆ ಅದರ ಎಷ್ಟೋ ಪಟ್ಟಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಡಿಯನ್ನೇ ನಂಬಿದ ಚಾಲಕನಿಗೆ ಅದು ವಾರಗಟ್ಟಲೆ ಸಂಪಾದನೆಯ ಪ್ರಶ್ನೆ. ಫ್ಯಾರಡೆಯ ನಿಯಮವನ್ನೂ ಪಾಶೆನನ ನಿಯಮವನ್ನೂ ಪರೀಕ್ಷೆಗೆಂದು ಓದುವ ವಿದ್ಯಾರ್ಥಿಗಳು ಬಿಡುವಿನಲ್ಲಿ ಹತ್ತಿರದ ಗ್ಯಾರೇಜಿಗೆ ಹೋಗಿ, ಮಿಸ್ತ್ರಿಯ ಅನುಮತಿ ಪಡೆದು, ಬಿಚ್ಚಿಟ್ಟ ನಾಲ್ಕು ಹಳೆಯ ಪ್ಲಗ್ಗುಗಳನ್ನು ಸಾಲಾಗಿ ಇರಿಸಿ ನೋಡಲಿ. ತಿಳಿಗಂದು ಬಣ್ಣದ್ದು ಆರೋಗ್ಯದ ಗುರುತು. ಒಣಮಸಿ ಹಿಡಿದುದು ಪೆಟ್ರೋಲು ಅತಿಯಾದುದರ ಇಲ್ಲವೆ ಕಿಡಿ ದುರ್ಬಲವಾದುದರ ಗುರುತು. ಎಣ್ಣೆ ಹತ್ತಿದುದು ಒಳಗೆಲ್ಲೋ ಎಣ್ಣೆ ಸೋರುತ್ತಿರುವುದರ ಗುರುತು. ಸುಣ್ಣದಂತೆ ಬೆಳ್ಳಗಾದುದು ಅತಿಯಾಗಿ ಕಾದುದರ ಗುರುತು. ನಾಲ್ಕೂ ಒಂದೇ ಬಣ್ಣವಾಗಿದ್ದರೆ ದೋಷ ಎಲ್ಲಕ್ಕೂ ಸಮಾನವಾದ ಕಡೆ, ಅಂದರೆ ಪೆಟ್ರೋಲಿನಲ್ಲೋ ಗಾಳಿಯಲ್ಲೋ ಇರಬೇಕು. ಒಂದು ಮಾತ್ರ ಬೇರೆಯಾಗಿದ್ದರೆ ದೋಷ ಆ ಸಿಲಿಂಡರಿನದೇ. ಮೊದಲು ಯಾವ ಸಿಲಿಂಡರನ್ನು ಪರೀಕ್ಷಿಸಬೇಕೆಂಬುದನ್ನು ಈ ನಾಲ್ಕು ಪ್ಲಗ್ಗುಗಳ ಸಾಲೇ ಹೇಳಿಬಿಡುತ್ತದೆ.